ಗಣಕಯಂತ್ರದ ನೀರುಗಂಟಿ

ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವುದು ನೀರುಗಂಟಿಯ ಕೆಲಸವೆಂಬುದು ನಮ್ಮ ನಾಡಿನ ಹಳೆಯ ಪದ್ಧತಿ. ಯಾರೂ ತಾವಾಗಿ ತೂಬೆತ್ತುವಂತಿಲ್ಲ. ಸರದಿ ಬಂದಾಗ ನೀರು ಬರುತ್ತದೆ. ಗಣಕಯಂತ್ರದಲ್ಲಿಯೂ ಇಂಥ ನೀರುಗಂಟಿಯೊಬ್ಬನುಂಟು. ಅವನ ಹೆಸರು ಕರ್ನಲ್, ಎಂದರೆ ತಿರುಳು. ಪ್ರೊಸೆಸರಿನ ಕಾಲವನ್ನೂ ಸ್ಮರಣಕೋಶದ ಜಾಗವನ್ನೂ ತಂತ್ರಾಂಶಗಳಿಗೆ ಹಂಚುವವನು ಇವನೇ. ಕೀಲಿಮಣೆಯಾಗಲಿ ಡಿಸ್ಕಾಗಲಿ, ಇವನ ಮೂಲಕವೇ ಕೈಗೆ ಸಿಗಬೇಕು.

೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದರ ತರುಣನು ಬರೆದು ಹೊರತಂದ ತಿರುಳೇ ಲಿನಕ್ಸ್. ೧೯೯೨ರಲ್ಲಿ ಆತನು ಅದನ್ನು ಜಿಪಿಎಲ್ ಪರವಾನಗಿಗೆ ಒಳಪಡಿಸಿದನು. ಅದರ ಮೂಲವನ್ನು ಯಾರೂ ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚುವಾಗ ಅದರ ಮೂಲವನ್ನೂ ಕೊಡಬೇಕೆಂಬುದು ಮುಖ್ಯ ಕಟ್ಟಳೆ. ನಮ್ಮ ಆಂಡ್ರಾಯ್ಡ್ ಫೋನುಗಳಲ್ಲಿರುವುದೂ ಇದೇ ತಿರುಳು.

ಇದನ್ನು ನಮಗೆ ಬೇಕಾದಂತೆ ಅಣಿಗೊಳಿಸುವುದೆಂದರೆ ಪ್ರಶ್ನೆಗಳಿಗೆ ಉತ್ತರ ಕೊಡುವುದು. ‘ಮೇಕ್ ಮೆನುಕಾನ್ಫಿಗ್’ ಎಂದರೆ ಪಟ್ಟಿಯೊಂದು ತೆರೆಯುತ್ತದೆ. ‘ವೈ’ ಎಂದರೆ ಆ ಸೌಲಭ್ಯವು ತಿರುಳಿನೊಳಗೇ ಸೇರಲಿ. ‘ಎಂ’ ಎಂದರೆ ಬೇರೆ ಮಾಡ್ಯೂಲಾಗಿದ್ದು ಬೇಕಾದಾಗ ಬರಲಿ. ‘ಎನ್’ ಎಂದರೆ ಬೇಡ. ಇಂಥ ಪ್ರಶ್ನೆಗಳು ಹತ್ತು ಸಾವಿರಕ್ಕೂ ಮಿಗಿಲು. ಉತ್ತರಗಳು ‘ಡಾಟ್ ಕಾನ್ಫಿಗ್’ ಎಂಬ ಕಡತದಲ್ಲಿ ಉಳಿಯುತ್ತವೆ. ಆಮೇಲೆ ‘ಮೇಕ್’ ಎಂದರೆ ಅದರಂತೆ ತಿರುಳು ತಯಾರಾಗುತ್ತದೆ.

ನನ್ನ ಲ್ಯಾಪ್‌ಟಾಪು ಹಳೆಯದು. ಗುಂಡ್ಲುಪೇಟೆಯಲ್ಲಿ ತಂದೆಯವರು ಅರಿಸಿನ ಮಾರಿದ ಹಣದಲ್ಲಿ ಕೊಡಿಸಿದ್ದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನಾದ್ದರಿಂದ ಕೇಳಲು ಯಾರೂ ಇರಲಿಲ್ಲ. ಎಲ್ಲವನ್ನೂ ಕಟ್ಟಲು ಆ ಯಂತ್ರಕ್ಕೆ ಬಹು ಹೊತ್ತು ಹಿಡಿಯುವುದೆಂದು ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಒಳದಾರಿ ಹಿಡಿದೆನು. ಆ ಕ್ಷಣ ಕೆಲಸದಲ್ಲಿರುವ ಮಾಡ್ಯೂಲುಗಳನ್ನುಳಿಸಿ ಮಿಕ್ಕವನ್ನು ಅದು ಕೈಬಿಡುತ್ತದೆ. ಬೆಳಿಗ್ಗೆ ಹೊಸ ತಿರುಳು ಎದ್ದಿತು; ನಾನು ಹಿಗ್ಗಿದೆನು. ಆದರೆ ಪೆನ್‌ಡ್ರೈವು ಸಿಕ್ಕಿಸಿದರೆ ಉತ್ತರವೇ ಇಲ್ಲ! ಅಂದೇ ಒಪ್ಪಿಸಬೇಕಾದ ನನ್ನ ಪ್ರಬಂಧವಿದ್ದುದು ಅದರಲ್ಲಿ. ಕೊನೆಯ ಪುಟ ತಿದ್ದುವುದಿತ್ತು. ಚಾಮರಾಜನಗರದ ಬಸ್ಸಿಗೆ ಇನ್ನು ಅರ್ಧ ಗಂಟೆ.

ತಪ್ಪು ನನ್ನದೇ. ರಾತ್ರಿ ಆಜ್ಞೆ ಕೊಟ್ಟಾಗ ಪೆನ್‌ಡ್ರೈವು ಯಂತ್ರದಲ್ಲಿರಲಿಲ್ಲ. ಅದನ್ನು ಓದುವ ‘ಯುಎಸ್‌ಬಿ ಸ್ಟೋರೇಜ್’ ಮಾಡ್ಯೂಲು ಕೆಲಸದಲ್ಲಿರಲಿಲ್ಲವಾಗಿ ಬಿಟ್ಟುಹೋಗಿತ್ತು. ಆ ಗದ್ದೆಯ ಕಾಲುವೆಯನ್ನು ನಾನೇ ಮುಚ್ಚಿಸಿದ್ದೆನು.

ನನ್ನನ್ನು ಉಳಿಸಿದ್ದು ಹಳೆಯ ತಿರುಳು. ಅದನ್ನು ನಾನು ಅಳಿಸಿರಲಿಲ್ಲ. ಯಂತ್ರ ಏಳುವಾಗ ‘ಗ್ರಬ್’ ಪಟ್ಟಿಯಲ್ಲಿ ಅದನ್ನೇ ಆರಿಸಿದೆನು; ಪೆನ್‌ಡ್ರೈವು ತೆರೆಯಿತು. ಬಸ್ಸು ತೆರಕಣಾಂಬಿ ದಾಟಿದ ಮೇಲೂ ಎದೆಯ ಹೊಡೆತ ನಿಂತಿರಲಿಲ್ಲ. ಸಂಜೆ ಆ ಒಂದು ಸಾಲಿಗೆ ‘ಎಂ’ ಎಂದು ಉತ್ತರಿಸಿ ಮತ್ತೆ ಕಟ್ಟಿದೆನು.

ಇದು ವಿಜ್ಞಾನದವರ ಮಾತು, ಕಲಾವಿಭಾಗದ ನಮಗೇಕೆಂದು ಮಿತ್ರರು ಕೇಳಬಹುದು. ಓದಿ ಉತ್ತರಿಸುವುದು ನಮಗೆ ಹೊಸತೇ? ಬಹುಪಾಲು ಪ್ರಶ್ನೆಗಳ ಜೊತೆ ವಿವರಣೆಯೂ ಇದೆ. ಬೇಡವೆನ್ನುವ ಮುನ್ನ ಅದನ್ನು ಓದಿರಿ. ಹೊಸದು ನಿಲ್ಲುವವರೆಗೆ ಹಳೆಯದನ್ನು ಅಳಿಸದಿರಿ. ಆಯ್ಕೆಯ ಹಕ್ಕು ನಮ್ಮ ಕೈಗೆ ಬಂದ ಮೇಲೆ ಅರಿತು ಆರಿಸುವ ಹೊಣೆಯೂ ನಮ್ಮದೇ.