ಮಾಕುಟ್ಟ ರಸ್ತೆ ತೆರೆದಿದೆಯೇ?

ಮಳೆಗಾಲದಲ್ಲಿ ಕೊಡಗಿನ ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕೇರಳದ ಇರಿಟ್ಟಿ, ಕಣ್ಣೂರಿನ ಕಡೆ ಹೊರಡುವವರು ಮೊಬೈಲಿನಲ್ಲಿ ಮೊದಲು ಹುಡುಕುವುದು ಒಂದೇ ಸಂಗತಿ: ಮಾಕುಟ್ಟ ರಸ್ತೆ ತೆರೆದಿದೆಯೇ? 2018ರ ಜೂನ್‌ನಲ್ಲಿ ಈ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತ ಮೇಲೆ ಪ್ರತಿ ಮಳೆಗೂ ಈ ಪ್ರಶ್ನೆ ಏಳುತ್ತದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲಂತೂ ಕೇಳುವವರ ತುರ್ತು ಇನ್ನೂ ಹೆಚ್ಚಿದೆ. ಜಾಲತಾಣಕ್ಕೆ ಬರೆಯುವುದೆಂದರೆ ಇಂಥ ತುರ್ತಿನಲ್ಲಿರುವವರಿಗೆ ಉತ್ತರ ಕೊಡುವುದು. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದೆವೆಂಬ ಸಮಾಧಾನ ನಮಗಿರಬಹುದು. ಆದರೆ ಓದುಗ ಹುಡುಕಿ ಬಂದದ್ದು ಮೊದಲ ಎರಡು ಸಾಲಿನಲ್ಲಿ ಸಿಗದಿದ್ದರೆ ಆ ಬರಹ ಕೆಲಸಕ್ಕೆ ಬಂದಿಲ್ಲ.

ಜಾಲತಾಣದಲ್ಲಿ ಜನ ಹೇಗೆ ಓದುತ್ತಾರೆಂದು ಜಾಲತಾಣ ಬಳಕೆಯ ತಜ್ಞ ಜೇಕಬ್ ನೀಲ್ಸನ್ 1997ರಲ್ಲೇ ಪರೀಕ್ಷಿಸಿ ನೋಡಿದ್ದರು. ಅವರ ಪರೀಕ್ಷೆಯಲ್ಲಿ ಭಾಗವಹಿಸಿದವರಲ್ಲಿ ಶೇ 79ರಷ್ಟು ಮಂದಿ ಹೊಸ ಪುಟದ ಮೇಲೆ ಕಣ್ಣಾಡಿಸಿದರು. ಪದ ಬಿಡದೆ ಓದಿದವರು ಶೇ 16 ಮಾತ್ರ. ನಮ್ಮ ಸರ್ಕಾರಿ ಪ್ರಕಟಣೆಗಳು ಶುರುವಾಗುವುದೋ ‘ವಿಷಯ’, ‘ಉಲ್ಲೇಖ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಮೆಟ್ಟಿಲುಗಳಿಂದ. ಯಾವ ವಾಹನಕ್ಕೆ ತಡೆ, ಯಾವ ದಿನದವರೆಗೆ ಎಂಬುದು ಬರುವುದು ಎರಡನೇ ಪುಟದಲ್ಲಿ. ಅದರ ಬದಲು ‘ಮಾಕುಟ್ಟ ಘಾಟಿಯಲ್ಲಿ ಭಾರಿ ಸರಕು ಲಾರಿಗಳಿಗೆ ಇಂದಿನಿಂದ ಪ್ರವೇಶವಿಲ್ಲ. ಬಸ್ಸು, ಕಾರು, ಬೈಕು ಹೋಗಬಹುದು’ ಎಂದು ಶುರುಮಾಡಿ, ಪಕ್ಕದಲ್ಲೇ ದಿನಾಂಕ, ಗಂಟೆ ಹಾಕಿದರೆ ಲಾರಿ ಚಾಲಕ ವಿರಾಜಪೇಟೆಯಲ್ಲೇ ನಿಲ್ಲುತ್ತಾನೆ. ಮದುವೆಗೆ ಹೊರಟ ಕುಟುಂಬ ನಿಶ್ಚಿಂತೆಯಿಂದ ಹೊರಡುತ್ತದೆ.

ಆದೇಶ ಕಾನೂನಿನ ಪತ್ರ, ಅದನ್ನು ಹೀಗೆ ಸರಳಗೊಳಿಸಿದರೆ ಅರ್ಥ ಕೆಡುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2021ರ ಜುಲೈ 31ರಂದು ಕೇರಳದಿಂದ ಬರುವವರ ಬಗ್ಗೆ ರಾಜ್ಯ ಸರ್ಕಾರ ಹೊರಡಿಸಿದ ಕೋವಿಡ್ ಆದೇಶವನ್ನೇ ನೋಡಿ. ಎರಡು ಡೋಸ್ ಲಸಿಕೆ ಪಡೆದವರಿಗೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಬೇಕಿತ್ತು. ಓದಿಗೆ, ವ್ಯಾಪಾರಕ್ಕೆ ದಿನವೂ ಗಡಿ ದಾಟುವವರು 15 ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಕಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ. ಕುಟುಂಬದಲ್ಲಿ ಸಾವಾಗಿ ಬರುವವರಿಗೆ ಬೇರೆ ನಿಯಮ. ಒಂದೇ ಆದೇಶದಲ್ಲಿ ನಾಲ್ಕು ಬಗೆಯ ಓದುಗರಿಗೆ ನಾಲ್ಕು ಉತ್ತರ. ಇದನ್ನು ಒಂದೇ ವಾಕ್ಯಕ್ಕೆ ಇಳಿಸಿದರೆ ತಪ್ಪಾಗುತ್ತದೆ, ನಿಜ. ಆದರೆ ‘ನೀವು ದಿನವೂ ಗಡಿ ದಾಟುವವರೇ?’, ‘ಸಾವಿಗೆ ಬರುತ್ತಿದ್ದೀರಾ?’ ಎಂದು ಓದುಗರ ಬಗೆಗೆ ತಕ್ಕಂತೆ ವಿಂಗಡಿಸಿ ಬರೆದು, ಮೂಲ ಆದೇಶವನ್ನು ಕೆಳಗೆ ಲಗತ್ತಿಸಿದರೆ ಕಾನೂನಿಗೂ ಚ್ಯುತಿಯಿಲ್ಲ, ಗಡಿಯ ಕೂಟುಪುಳ ಸೇತುವೆಯವರೆಗೆ ಬಂದು ವಾಪಸಾಗುವ ಸಂಕಟವೂ ತಪ್ಪುತ್ತದೆ.

ಈಗ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ಹರಿದಾಡುವಾಗ ಜಾಲತಾಣ ಯಾರಿಗೆ ಬೇಕು ಎನ್ನುವವರಿದ್ದಾರೆ. ವಾಟ್ಸ್‌ಆ್ಯಪ್‌ ಬೇಗ ತಲುಪುತ್ತದೆ. ಆದರೆ ಹಳೆಯ ಕುಸಿತದ ಚಿತ್ರ ಹೊಸ ಮಳೆಗೆ ಮತ್ತೆ ಹೊರಟರೆ ಅದಕ್ಕೆ ತಾರೀಖು ಇರುವುದಿಲ್ಲ. ನಿಜವೇ ಎಂದು ನೋಡಲು ಒಂದು ಖಚಿತ ಪುಟ ಇರಲೇಬೇಕು. ಆ ಪುಟ ಸ್ಕ್ಯಾನ್ ಮಾಡಿದ ಚಿತ್ರವಾಗಿರಬಾರದು: ಅದು ಹುಡುಕಾಟಕ್ಕೆ ಸಿಗುವುದು ಕಷ್ಟ, ದೃಷ್ಟಿ ಇಲ್ಲದವರ ಫೋನಿಗೆ ಅದನ್ನು ಓದಿ ಹೇಳುವುದು ಸುಲಭವಲ್ಲ, ಕಾಡಿನ ನಡುವಿನ ಕುಂಟು ನೆಟ್‌ವರ್ಕ್‌ನಲ್ಲಿ ಬೇಗ ತೆರೆದುಕೊಳ್ಳುವುದೂ ಇಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಹತ್ತು ಸಾಲು ಕ್ಷಣದಲ್ಲಿ ತೆರೆಯುತ್ತದೆ. ಗಡಿಯಾಚೆಯವರಿಗಾಗಿ ಅದೇ ಹತ್ತು ಸಾಲು ಮಲಯಾಳದಲ್ಲೂ ಇರಲಿ.

ಸರ್ಕಾರಿ ಜಾಲತಾಣಗಳಿಗೆ ಕೇಂದ್ರ ಸರ್ಕಾರ 2009ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸರಳ ಭಾಷೆ, ಪುಟ ಪರಿಷ್ಕರಿಸಿದ ದಿನಾಂಕ ಎರಡೂ ಅದರಲ್ಲಿವೆ. ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇಲ್ಲ. ಕೊಡಗಿನ ಕಚೇರಿಗಳಲ್ಲಿ, ಸುದ್ದಿತಾಣಗಳಲ್ಲಿ ಬರೆಯುವವರು ಮುಂದಿನ ಮಳೆಗೆ ಮೊದಲು ಇಷ್ಟು ಮಾಡಲಿ: ಪ್ರಕಟಿಸುವ ಮುನ್ನ ಆ ಪುಟವನ್ನು ಒಬ್ಬ ಲಾರಿ ಚಾಲಕನ ಕೈಗೆ ಕೊಟ್ಟು, ರಸ್ತೆ ತೆರೆದಿದೆಯೋ ಇಲ್ಲವೋ ಎಂದು ಕೇಳಲಿ.