ಸಂಕಮ್ಮನ ಹಾಡು: ಕಂಸಾಳೆಯಿಂದ ಯೂಟ್ಯೂಬಿಗೆ

ಶಿವರಾತ್ರಿ ಹತ್ತಿರವಾದಂತೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಭಕ್ತರು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವುದುಂಟು. ಅವರ ನಾಲಗೆಯ ಮೇಲಿರುವ ಹಾಡುಗಳಲ್ಲಿ ‘ಕೋಲುಮಂಡೆ’ಯೂ ಒಂದು. 2020ರ ಆಗಸ್ಟ್‌ನಲ್ಲಿ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಈ ಹಾಡಿಗೆ ಹೊಸ ತಾಳ ಕೂಡಿಸಿ, ಆನಂದ್ ಆಡಿಯೋ ಮೂಲಕ ಬಿಡಿಗೀತೆಯಾಗಿ ಹೊರತಂದರು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ನೋಡಿದರು. ಅಷ್ಟೇ ಬೇಗ ಆಕ್ಷೇಪವೂ ಎದ್ದಿತು. ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಲಾಗಿದೆ ಎಂದು ಮಾದಪ್ಪನ ಭಕ್ತರು ನೊಂದುಕೊಂಡರು. ಗಾಯಕರು ಕ್ಷಮೆ ಕೇಳಿದರು. ವಿಡಿಯೋವನ್ನು ಯೂಟ್ಯೂಬಿನಿಂದ ತೆಗೆಯಲಾಯಿತು.

ಅಷ್ಟೊಂದು ಗೆದ್ದ ಹಾಡು ಎಡವಿದ್ದೆಲ್ಲಿ? ಇದನ್ನು ತಿಳಿಯಲು ಸಂಕಮ್ಮನ ಕಥೆ ತಿಳಿದಿರಬೇಕು. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ, ತನ್ನ ಶೀಲದ ಬಗ್ಗೆ ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಆತ ಚಿತ್ರಹಿಂಸೆ ಕೊಟ್ಟು ಹೋಗುತ್ತಾನೆ. ಆಕೆಯ ಮೊರೆ ಕೇಳಿ ಮಹದೇಶ್ವರ ಜಂಗಮನಾಗಿ ಬಾಗಿಲಿಗೆ ಬರುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳು ಆಕೆಗೆ ವರವಾಗಿ ದೊರೆತವರು. ಕಂಸಾಳೆಯವರ ಮೇಳದಲ್ಲಿ ಗಂಡನ ಗದರಿಕೆಯೂ ಹೆಂಡತಿಯ ಉತ್ತರವೂ ಒಬ್ಬನೇ ಗಾಯಕನ ಕಂಠದಿಂದ ಬರುತ್ತವೆ. ಹಿಮ್ಮೇಳ ಸೊಲ್ಲು ಎತ್ತಿಕೊಳ್ಳುತ್ತದೆ. ಹಾಗೆ ನೋಡಿದರೆ ಇದು ಒಂದೇ ಕೊರಳಿನ ಯುಗಳಗೀತೆ.

ಈ ಕಾವ್ಯ ಮಾರುಕಟ್ಟೆಗೆ ಬಂದದ್ದು 2020ರಲ್ಲೇನೂ ಅಲ್ಲ. ಮಳವಳ್ಳಿ ಮಹದೇವಸ್ವಾಮಿಯವರು ಹಾಡಿದ ಮಾದಪ್ಪನ ಕಥೆಗಳು ಕ್ಯಾಸೆಟ್ಟುಗಳಾಗಿ ಮನೆಮನೆ ತಲುಪಿದ್ದವು. 1996ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಇದೇ ಹಾಡನ್ನು ಅಳವಡಿಸಿದರು. ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿಯೂ ಬಂದಿತು. ಅಂದಮೇಲೆ ವಾದ್ಯ ಬದಲಾದುದಕ್ಕಾಗಲೀ, ಹಾಡು ಹಣ ಗಳಿಸಿದುದಕ್ಕಾಗಲೀ ಜನ ಮುನಿದದ್ದಲ್ಲ ಎಂಬುದು ಸ್ಪಷ್ಟ.

ಕಾನೂನು ಇಲ್ಲಿ ಹೆಚ್ಚು ನೆರವಾಗದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ 60 ವರ್ಷ, ಹಾಡಿದವನ ಹಕ್ಕಿಗೆ 50 ವರ್ಷ ರಕ್ಷಣೆಯಿದೆ. ಆದರೆ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಪದಕ್ಕೆ ಕರ್ತೃವೇ ಇಲ್ಲ. ಯಾರು ಬೇಕಾದರೂ ಅದನ್ನು ಹಾಡಬಹುದು, ಮಾರಬಹುದು. ಪದವನ್ನು ಉಳಿಸಿಕೊಂಡು ಬಂದ ದೇವರಗುಡ್ಡರಿಗೆ ಪಾಲು ಕೊಡಲೇಬೇಕೆಂಬ ಕಟ್ಟಳೆಯಿಲ್ಲ.

ಕಾನೂನಿನಲ್ಲಿ ಒಡೆಯನಿಲ್ಲದ ಹಾಡಿಗೆ ವಾರಸುದಾರರು ಇಲ್ಲವೆಂದಲ್ಲ. ಅವರು ಪಾಲು ಕೇಳಿ ಬೀದಿಗೆ ಬರಲಿಲ್ಲ. ಸಂಕಮ್ಮನ ಮಾನ ಕೇಳಿ ಬಂದರು. ತನ್ನ ನಡತೆಗೆ ಭಾಷೆ ಕೊಡಲಾರೆ ಎಂದ ಹೆಣ್ಣೇ ಈ ಕಥೆಯ ತಿರುಳು. ಆಕೆಯನ್ನೇ ನೋಟದ ವಸ್ತುವಾಗಿಸಿದರೆ ಹಾಡಿನಲ್ಲಿ ಉಳಿಯುವುದು ತಾಳ ಮಾತ್ರ. ಹೊಸಬರು ಹಳೆಯ ಪದಗಳನ್ನು ಧಾರಾಳವಾಗಿ ಹಾಡಲಿ, ದುಡ್ಡನ್ನೂ ಮಾಡಲಿ. ಸ್ಟುಡಿಯೋಗೆ ಹೋಗುವ ಮುನ್ನ ಒಂದು ರಾತ್ರಿ ಕಂಸಾಳೆಯವರ ಎದುರು ಕುಳಿತು ಕಥೆಯನ್ನು ಪೂರ್ತಿ ಕೇಳಿದರೆ ನಷ್ಟವೇನೂ ಇಲ್ಲ.