ಹಬ್ಬದೂಟವೂ ಮೈತೂಕವೂ

ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಬಂಡೀಪುರದ ಅರಣ್ಯದ ಅಂಚಿನಲ್ಲಿ ಮದ್ದೂರು ಇದೆ. ಹಳೆಯ ಮೈಸೂರು ಸೀಮೆಯ ಇತರ ಹಳ್ಳಿಗಳಲ್ಲಿರುವಂತೆ ಈ ಕಡೆಯಲ್ಲಿಯೂ ಯುಗಾದಿ ಎಂಬುದು ಒಂದೇ ದಿನಕ್ಕೆ ಮುಗಿಯುವ ಹಬ್ಬವಲ್ಲ. ಮೊದಲನೆಯ ದಿನ ಬೇವುಬೆಲ್ಲ, ತುಪ್ಪ ಸುರಿದ ಒಬ್ಬಟ್ಟು. ಮರುದಿನ ಹೊಸತೊಡಕು, ಮಾಂಸಾಹಾರಿಗಳ ಮನೆಗಳಲ್ಲಿ ಬಾಡಿನ ಸಾರು, ಮುದ್ದೆ. ‘ಇನ್ನೊಂದು ಹಾಕಿಸಿಕೊಳ್ಳಿ’ ಎಂಬ ಉಪಚಾರದ ಮುಂದೆ ‘ಸಾಕು’ ಎಂಬ ಮಾತು ನಡೆಯುವುದಿಲ್ಲ.

ಹಬ್ಬಕ್ಕೆಂದು ಊರಿಗೆ ಬಂದ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಮೂರನೆಯ ದಿನ ಅವನು ಮೈಸೂರಿನ ವಿದ್ಯಾರ್ಥಿನಿಲಯಕ್ಕೆ ಹಿಂದಿರುಗಿ ತೂಕದ ಯಂತ್ರವನ್ನು ಏರುತ್ತಾನೆ. ಊರಿಗೆ ಹೊರಟಾಗ 55 ಕಿಲೋಗ್ರಾಂ ಇದ್ದುದು ಈಗ 57! ಎರಡೇ ದಿನದಲ್ಲಿ ಎರಡು ಕಿಲೋಗ್ರಾಂ ಕೊಬ್ಬು ಬೆಳೆಯಿತೆಂದು ಬೆದರಿ, ಪರೀಕ್ಷೆಗೆ ಓದಬೇಕಾದ ದಿನಗಳಲ್ಲಿಯೇ ಊಟ ಬಿಟ್ಟುಬಿಡುತ್ತಾನೆ. ಅವನ ಊಹೆ ಸರಿಯೆ?

ಲೆಕ್ಕ ಹಾಕಿ ನೋಡೋಣ. ಒಂದು ಕಿಲೋಗ್ರಾಂ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿರುತ್ತದೆ. (ಇಲ್ಲಿ ಹೇಳುವುದು ಆಹಾರಶಾಸ್ತ್ರದ ದೊಡ್ಡ ಕ್ಯಾಲೊರಿಯನ್ನು.) ಎರಡು ಕಿಲೋಗ್ರಾಂ ಕೊಬ್ಬು ಸೇರಬೇಕಾದರೆ ದಿನನಿತ್ಯದ ಅಗತ್ಯವನ್ನು ಕಳೆದು 15,400 ಕ್ಯಾಲೊರಿ ಉಳಿಯಬೇಕು. ತುಪ್ಪವೂ ಸೇರಿ ಒಂದು ಒಬ್ಬಟ್ಟಿಗೆ 300 ಕ್ಯಾಲೊರಿ ಎಂದಿಟ್ಟುಕೊಂಡರೂ, ಎಂದಿನ ಊಟವನ್ನು ಪೂರ್ತಿಯಾಗಿ ಉಂಡು ಅದರ ಮೇಲೆ ಐವತ್ತೊಂದು ಒಬ್ಬಟ್ಟನ್ನು ತಿನ್ನಬೇಕಾಗುತ್ತದೆ. ಪಂಥ ಕಟ್ಟಿ ಉಣ್ಣುವವರಿಗೂ ಇದು ಕಷ್ಟವೇ.

ನಮ್ಮ ವಿದ್ಯಾರ್ಥಿ ದಿನಕ್ಕೆ 1,500ರಂತೆ ಎರಡು ದಿನಕ್ಕೆ 3,000 ಕ್ಯಾಲೊರಿಯನ್ನು ಹೆಚ್ಚಾಗಿ ಉಂಡನೆನ್ನೋಣ. ಹಾಗಾದರೆ ಯಂತ್ರವು ತೋರಿಸಿದ ತೂಕ ಎಲ್ಲಿಂದ ಬಂದಿತು?

ಅನ್ನ, ಮುದ್ದೆ, ಬೆಲ್ಲಗಳಿಂದ ದೊರೆತ ಸಕ್ಕರೆಯಲ್ಲಿ ಆ ಹೊತ್ತಿಗೆ ಬೇಡವಾದುದನ್ನು ದೇಹವು ಮೊದಲು ಗ್ಲೈಕೊಜನ್ ಎಂಬ ಪಿಷ್ಟದಂತಹ ವಸ್ತುವನ್ನಾಗಿ ಮಾಡಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇದಕ್ಕೆ ಸ್ಥಳವುಂಟು. ಆದರೆ ಗ್ಲೈಕೊಜನ್ ಒಂಟಿಯಾಗಿ ಇರುವುದಿಲ್ಲ; ಒಂದು ಗ್ರಾಂ ಗ್ಲೈಕೊಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಬ್ಬದಲ್ಲಿ 250 ಗ್ರಾಂ ಗ್ಲೈಕೊಜನ್ ಸೇರಿದ್ದರೆ ನೀರೂ ಕೂಡಿ ಒಂದು ಕಿಲೋಗ್ರಾಂ ಆಯಿತು. ಇನ್ನು ಉಪ್ಪು: ಸಾರು, ಹಪ್ಪಳ, ಉಪ್ಪಿನಕಾಯಿಗಳ ಮೂಲಕ ನಾಲ್ಕೈದು ಗ್ರಾಂ ಹೆಚ್ಚಾಗಿ ಒಳಸೇರಿದರೆ, ಮೂತ್ರಪಿಂಡಗಳು ಅದನ್ನು ಹೊರಹಾಕುವವರೆಗೆ ದೇಹವು ಸುಮಾರು ಅರ್ಧ ಲೀಟರ್ ನೀರನ್ನು ತಡೆದಿರಿಸಿಕೊಳ್ಳುತ್ತದೆ. ಕರುಳಿನಲ್ಲಿ ಇನ್ನೂ ಸಾಗುತ್ತಿರುವ ಊಟದ ತೂಕವೂ ಇದೆ. ಇವನ್ನೆಲ್ಲ ಕಳೆದರೆ ನಿಜವಾದ ಕೊಬ್ಬಿಗೆ ಉಳಿಯುವುದು ಕಾಲು ಕಿಲೋಗ್ರಾಂ ಮಾತ್ರ.

ಆ ಕೊಬ್ಬಾದರೂ ಬೆಲ್ಲದಿಂದ ಆದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ದೇಹವು ಸಕ್ಕರೆಯನ್ನು ಮುಂದಾಗಿ ಉರಿಸುತ್ತದೆ. ಆ ಸಮಯದಲ್ಲಿ ಉರಿಯದೆ ಉಳಿದ ತುಪ್ಪವೂ ಬಾಡಿನ ನೆಣವೂ ನೇರವಾಗಿ ಉಗ್ರಾಣವನ್ನು ಸೇರುತ್ತವೆ. ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಮೂವರು ಯುವಕರಿಗೆ ಏಳು ದಿನ ವಿಪರೀತವಾಗಿ ಪಿಷ್ಟ ಸಕ್ಕರೆಗಳನ್ನು ಉಣಿಸಲಾಯಿತು. ಗ್ಲೈಕೊಜನ್ನಿನ ಕಣಜ ತುಂಬಿದ ಮೇಲೆಯೇ ಸಕ್ಕರೆಯು ಗಣನೀಯವಾಗಿ ಕೊಬ್ಬಾಗಿ ಮಾರ್ಪಡತೊಡಗಿತು.

ಹಬ್ಬವು ಎರಡು ದಿನಕ್ಕೆ ಮುಗಿಯದೆ ನೂರು ದಿನ ನಡೆದರೆ ಸಂಗತಿ ಬೇರೆ. ಕೆನಡದ ಕ್ಲೋಡ್ ಬುಷಾರ್ ಮತ್ತು ಅವರ ಸಂಗಡಿಗರು ಹನ್ನೆರಡು ಜೋಡಿ ಏಕರೂಪದ ಅವಳಿ ಸೋದರರಿಗೆ 100 ದಿನಗಳಲ್ಲಿ 84 ದಿನ, ದಿನಕ್ಕೆ 1,000 ಕ್ಯಾಲೊರಿಯಂತೆ ಹೆಚ್ಚು ಉಣಿಸಿ ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದರು. ಸರಾಸರಿ 8.1 ಕಿಲೋಗ್ರಾಂ ಏರಿತು. ಆದರೆ ಒಬ್ಬನಿಗೆ 4.3 ಮಾತ್ರ, ಮತ್ತೊಬ್ಬನಿಗೆ 13.3! ಅವಳಿಗಳ ಏರಿಕೆ ಪರಸ್ಪರ ಬಹುಮಟ್ಟಿಗೆ ಹೋಲುತ್ತಿತ್ತು. ಒಂದೇ ಪಂಕ್ತಿಯಲ್ಲಿ ಕುಳಿತು ಸಮನಾಗಿ ಉಂಡ ಇಬ್ಬರಲ್ಲಿ ಒಬ್ಬನು ಮಾತ್ರ ದಪ್ಪವಾದರೆ ಅವನನ್ನು ಹೊಟ್ಟೆಬಾಕನೆಂದು ಹಳಿಯುವುದು ನ್ಯಾಯವಲ್ಲ.

ಕಾಲು ಕಿಲೋಗ್ರಾಮನ್ನು ಅಲಕ್ಷಿಸುವಂತೆಯೂ ಇಲ್ಲ. ಅಮೆರಿಕದ 195 ಮಂದಿಯನ್ನು ತೂಗಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಚಳಿಗಾಲದ ಹಬ್ಬಗಳಲ್ಲಿ ಅವರಿಗೆ ಸರಾಸರಿ 0.37 ಕಿಲೋಗ್ರಾಂ ಮಾತ್ರ ಏರಿತ್ತು; ಆದರೆ ಮುಂದಿನ ಬೇಸಗೆಯಲ್ಲಿಯೂ ಅದು ಇಳಿಯಲಿಲ್ಲ. ನಮ್ಮವರಿಗೆ ಈ ಸಣ್ಣ ಸೇರಿಕೆಯ ಹೊರೆ ಹೆಚ್ಚು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರ ಸುಮಾರಿಗೆ ಗರ್ಭಿಣಿಯರಾಗಿದ್ದ ತಾಯಂದಿರ ಶಿಶುಗಳನ್ನು ಅಳೆದಾಗ, ಬ್ರಿಟನ್ನಿನ ಶಿಶುಗಳಿಗಿಂತ ತೂಕ ಕಡಿಮೆಯಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ಮೈ ತೆಳು, ಒಳಗೆ ಕೊಬ್ಬು: ಇಂತಹ ದೇಹದವರಿಗೆ ಮಧುಮೇಹದ ಭಯ ಹೆಚ್ಚು.

ಇತ್ತ ಉಪವಾಸ ಹಿಡಿದ ವಿದ್ಯಾರ್ಥಿಯ ತೂಕವು ಎರಡು ದಿನದಲ್ಲಿಯೇ ಎರಡು ಕಿಲೋಗ್ರಾಂ ಇಳಿದೀತು. ಹೋದುದರಲ್ಲಿ ಬಹುಭಾಗ ನೀರು. ಹೊಟ್ಟೆ ತುಂಬ ಉಂಡೊಡನೆ ಅದು ಮರಳುತ್ತದೆ. ನಡುವೆ ಕೆಟ್ಟದ್ದು ಅವನ ಓದು. ಎಂದಿನ ಊಟವನ್ನು ಉಣ್ಣುತ್ತ ಒಂದು ವಾರ ತಡೆದು, ಬೆಳಗ್ಗೆ ಶೌಚ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ಅದೇ ಯಂತ್ರವನ್ನು ಏರಿದ್ದರೆ ಅದು ಬಹುಶಃ 55 ಕಿಲೋಗ್ರಾಮಿನ ಮೇಲೆ ಇನ್ನೂರು ಗ್ರಾಮನ್ನೋ ಮುನ್ನೂರು ಗ್ರಾಮನ್ನೋ ತೋರಿಸುತ್ತಿತ್ತು.